‘ಮೊದಲ’ ಎಂಬ ಮಾತು ಬಿಡಿ, ತಗಡಿನಿಂದ ಶುರುಮಾಡಿ

ಪ್ರಿಯರೇ, ನಮಸ್ಕಾರ.

ವಿಲ್ಲೀಸ್ ಜೀಪ್ ಸ್ಟೇಷನ್ ವ್ಯಾಗನ್ ಬಗ್ಗೆ ನೀವು ಕಳಿಸಿದ ‘ಜಗತ್ತಿನ ಮೊದಲ ಎಸ್‌ಯುವಿ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಕೈಬಿಡಲೂ ಮನಸ್ಸಿಲ್ಲ. ಅದಕ್ಕೇ ಇಷ್ಟುದ್ದದ ಪತ್ರ.

ಮೊದಲು ತಪ್ಪಿನ ವಿಷಯ. 1946ರಲ್ಲಿ ಅಮೆರಿಕದ ಟೊಲಿಡೊ ಕಾರ್ಖಾನೆಯಿಂದ ಹೊರಬಂದಾಗಲೇ ಈ ಗಾಡಿಗೆ ಫೋರ್ ವೀಲ್ ಡ್ರೈವ್ ಇತ್ತು ಎಂದು ಬರೆದಿದ್ದೀರಿ. ಇರಲಿಲ್ಲ. ಆಗ ಎಂಜಿನ್ನಿನ ಬಲ ಹೋಗುತ್ತಿದ್ದದ್ದು ಹಿಂದಿನ ಎರಡು ಚಕ್ರಗಳಿಗೆ ಮಾತ್ರ. ನಾಲ್ಕೂ ಚಕ್ರ ಎಳೆಯುವ ವ್ಯಾಗನ್ ಬಂದದ್ದು 1949ರಲ್ಲಿ. ನಿಮ್ಮ ಇಡೀ ವಾದ ನಿಂತಿರುವುದೇ 1946ರ ಮೇಲಾದ್ದರಿಂದ ಇದನ್ನು ಸಣ್ಣ ತಪ್ಪೆಂದು ತಿದ್ದಿ ಮುಂದೆ ಹೋಗಲು ಬರುವುದಿಲ್ಲ.

‘ಮೊದಲ’ ಎಂಬ ಮಾತು ಲೇಖನದಲ್ಲಿ ಹನ್ನೊಂದು ಕಡೆ ಇದೆ. ಹಾಲೆಂಡಿನ ಸ್ಪೈಕರ್ ಸಹೋದರರು 1903ರಲ್ಲೇ ನಾಲ್ಕು ಚಕ್ರಕ್ಕೂ ಬಲ ಕೊಡುವ ಕಾರು ಕಟ್ಟಿದ್ದರು. ಸೋವಿಯತ್ ದೇಶದ ಗಾಜ್-61 ಎಂಬ ಫೋರ್ ವೀಲ್ ಡ್ರೈವ್ ಕಾರಿಗೆ ಮುಚ್ಚಿದ ಸೆಡಾನ್ ಬಾಡಿಯೂ ಇತ್ತು, ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲಿನ ಸೇನಾನಾಯಕ ಮಾರ್ಷಲ್ ಜೂಕೊವ್ ಅದರಲ್ಲಿ ಓಡಾಡಿದರು. ಇಷ್ಟು ತಿಳಿದ ಓದುಗರೊಬ್ಬರು ಸಿಕ್ಕರೂ ಸಾಕು, ನಿಮ್ಮ ಉಳಿದ ಮಾತುಗಳ ಮೇಲೂ ಅವರಿಗೆ ನಂಬಿಕೆ ಹೋಗುತ್ತದೆ.

ನಿಜವಾದ ಕಥೆ ನಿಮ್ಮ ನಾಲ್ಕನೇ ಪುಟದಲ್ಲಿ ಮೂರೇ ಪದಗಳಲ್ಲಿ ಮುಗಿದುಹೋಗಿದೆ: ‘ಬಾಡಿ ಸರಳ ವಿನ್ಯಾಸದ್ದಾಗಿತ್ತು.’ ಏಕೆ ಸರಳ? ಯುದ್ಧಕ್ಕೆ ಲಕ್ಷಗಟ್ಟಲೆ ಜೀಪು ಮಾಡಿಕೊಟ್ಟ ವಿಲ್ಲೀಸ್ ಕಂಪನಿಗೆ ಶಾಂತಿ ಬಂದಾಗ ಮಾರಲು ಬೇರೆ ಗಾಡಿ ಬೇಕಿತ್ತು. ಬಾಡಿ ಒತ್ತಿಕೊಡುವ ಕಾರ್ಖಾನೆಗಳೆಲ್ಲ ದೊಡ್ಡ ಕಂಪನಿಗಳ ಕೆಲಸದಲ್ಲಿ ಮುಳುಗಿದ್ದವು. ಉಳಿದದ್ದು ಗೃಹೋಪಯೋಗಿ ಯಂತ್ರಗಳ ಹೊರಕವಚ ಒತ್ತುವವರು. ಅವರ ಪ್ರೆಸ್ಸಿನಲ್ಲಿ ತಗಡನ್ನು ಸುಮಾರು 6 ಅಂಗುಲಕ್ಕಿಂತ ಆಳಕ್ಕೆ ಒತ್ತಲು ಆಗುತ್ತಿರಲಿಲ್ಲ. ವಿನ್ಯಾಸಕ ಬ್ರೂಕ್ಸ್ ಸ್ಟೀವನ್ಸ್ ಆ 6 ಅಂಗುಲದೊಳಗೇ ಇಡೀ ಗಾಡಿಯನ್ನು ಬರೆದ. ಚಪ್ಪಟೆ ಪಕ್ಕೆ, ನೆಟ್ಟಗಿನ ಮಡ್‌ಗಾರ್ಡ್, ಪೆಟ್ಟಿಗೆಯಂಥ ಮೈಕಟ್ಟು ಬಂದದ್ದು ಹಾಗೆ.

ಜೊತೆಗಿಟ್ಟ ಚೀಟಿಯಲ್ಲಿ, ತಂದೆಯವರ ಟಿಂಕರಿಂಗ್ ಶೆಡ್ಡಿನಲ್ಲೇ ಬೆಳೆದವನು ಎಂದು ಬರೆದಿದ್ದೀರಿ. ಅದನ್ನು ಓದಿದ ಮೇಲೆ ನನಗೆ ಇನ್ನಷ್ಟು ಬೇಸರವಾಯಿತು. ಒಂದೇ ಏಟಿಗೆ ಆಳವಾಗಿ ಇಳಿಸಿದರೆ ತಗಡು ಅಂಚಿನಲ್ಲಿ ಸುಕ್ಕುಗಟ್ಟುತ್ತದೆ, ಇಲ್ಲವೇ ತಳದಲ್ಲಿ ತೆಳ್ಳಗಾಗಿ ಹರಿಯುತ್ತದೆ ಎಂಬುದು ನಿಮ್ಮ ಕೈಗೇ ಗೊತ್ತಿರಬೇಕು. ಅಂಥವರು ಬರೆದ ಲೇಖನದಲ್ಲಿ ಸುತ್ತಿಗೆಯ ಸದ್ದೇ ಇಲ್ಲ!

‘ಪಕ್ಕಗಳಿಗೆ ಮರದ ಹಲಗೆ ಹೊದಿಸಿದ್ದರು’ ಎಂಬುದನ್ನೂ ತೆಗೆಯಿರಿ. ಅದು ಮರವಲ್ಲ, ಬಣ್ಣ. ಆ ಕಾಲದ ಸ್ಟೇಷನ್ ವ್ಯಾಗನ್‌ಗಳ ಬಾಡಿ ಮರದ್ದೇ ಆಗಿರುತ್ತಿತ್ತು. ಆಗಾಗ ವಾರ್ನಿಷ್ ಬಳಿಯಬೇಕು, ಸಡಿಲವಾದ ಕೀಲು ಬಿಗಿಮಾಡಿಸಬೇಕು. ಸ್ಟೀವನ್ಸ್ ಪೂರ್ತಿ ಉಕ್ಕಿನ ಬಾಡಿ ಮಾಡಿ, ಕಣ್ಣಿಗೆ ಒಗ್ಗಲೆಂದು ಮರದ ಚೌಕಟ್ಟಿನಂತೆ ಬಣ್ಣ ಹೊಡೆಸಿದ. ಮಳೆಯಲ್ಲಿ ನಿಲ್ಲಿಸಿದರೂ ಚಿಂತೆಯಿಲ್ಲದ ಸಂಸಾರದ ಗಾಡಿ ಅದು. ಈ ಭಾಗಕ್ಕೆ ಒಂದು ಪುಟ ಪೂರ್ತಿ ಕೊಡಿ.

1949ರ ಬದಲಾವಣೆಗೂ ಜಾಗ ಬೇಕು. ಹಿಂದಿನ ಎರಡೇ ಚಕ್ರಕ್ಕೆ ಬಲ ಹೋಗುವ ಮಾದರಿಯಲ್ಲಿ ಮುಂದೆ ಅಡ್ಡಲಾಗಿ ಒಂದೇ ಸ್ಪ್ರಿಂಗ್ ಕಟ್ಟಿತ್ತು, ಮುಂದಿನ ಚಕ್ರಗಳೆರಡೂ ತಮ್ಮಷ್ಟಕ್ಕೆ ಏರಿಳಿಯುತ್ತಿದ್ದವು. ಮುಂದಿನ ಚಕ್ರಕ್ಕೂ ಬಲ ಕೊಡಲು ಹೊರಟಾಗ ಅದನ್ನು ತೆಗೆದು ಜೀಪಿನಂತೆ ಎರಡೂ ಚಕ್ರಗಳನ್ನು ಒಟ್ಟಿಗೆ ಹಿಡಿದಿಡುವ ಗಟ್ಟಿ ಆಕ್ಸಲ್ ಹಾಕಿದರು. ಕೆಸರಿನಲ್ಲಿ ಹಿಡಿತ ಬಂತು, ಒಳಗೆ ಕೂತವರಿಗೆ ಕುಲುಕಾಟ ಹೆಚ್ಚಿತು. ಈ ಕೊಟ್ಟು-ಕೊಂಡ ಲೆಕ್ಕ ನಿಮ್ಮ ಬರಹದಲ್ಲಿ ಎಲ್ಲೂ ಬರುವುದಿಲ್ಲ.

ಅಳತೆಗಳ ಪಟ್ಟಿ ಬೇಡ. ಮಾಲೀಕತ್ವ ಕೈಬದಲಾದ ವಿವರ ಎರಡು ಸಾಲಿಗೆ ಇಳಿಯಲಿ. ಬ್ರೆಜಿಲ್‌ನಲ್ಲಿ ಇದೇ ಗಾಡಿ ‘ರೂರಲ್’ ಆಗಿ, ಅರ್ಜೆಂಟೀನಾದಲ್ಲಿ ‘ಎಸ್ತಾನ್ಸಿಯೆರಾ’ ಆಗಿ ತಯಾರಾದದ್ದು ಉಳಿಯಲಿ. ಮಲೆನಾಡಿನ ತೆರೆದ ಜೀಪುಗಳ ಕುರಿತ ಕೊನೆಯ ಪುಟ ಚೆನ್ನಾಗಿದೆ, ಆದರೆ ಅದು ಬೇರೆಯದೇ ಲೇಖನ. ಎತ್ತಿಟ್ಟುಕೊಳ್ಳಿ.

ತಂದೆಯವರು ಈಗಲೂ ಶೆಡ್ಡಿಗೆ ಬರುತ್ತಿದ್ದರೆ ಈ ವ್ಯಾಗನ್ನಿನ ಒಂದು ಫೋಟೊ ಅವರ ಮುಂದಿಡಿ. ಈ ಮಡ್‌ಗಾರ್ಡನ್ನು ಕೈಯಲ್ಲೇ ಬಡಿದು ಮಾಡುವುದಾದರೆ ಎಲ್ಲಿಂದ ಶುರುಮಾಡುತ್ತೀರಿ ಎಂದು ಕೇಳಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಲೇಖನ ಅಲ್ಲಿಂದಲೇ ಶುರುವಾಗಲಿ. ನಿಮಗಾಗಿ ನಾಲ್ಕು ಪುಟ ಹಿಡಿದಿಟ್ಟಿರುತ್ತೇನೆ.

ಇಂತು ನಿಮ್ಮ,
ಸಂಪಾದಕ