ಪಾರ್ಕಿಂಗ್‌ನಲ್ಲಿ ಸಿಗುವ ಗಾಡಿ, ಪರೀಕ್ಷೆಯಲ್ಲಿ ಸಿಗದ ತ್ರಿಕೋನ

ನಿಮ್ಮ ಪ್ರಶ್ನೆ ಇಷ್ಟು ಅಲ್ವಾ: ಕೇಂದ್ರ ಸರ್ಕಾರಿ ನೌಕರಿಯ ಎಸ್‌ಎಸ್‌ಸಿ ಪರೀಕ್ಷೆಗೆ ತಯಾರಿ ನಡೆಸಿದ್ದೀರಿ, ದೊಡ್ಡ ಚಿತ್ರದೊಳಗೆ ಅಡಗಿದ ಸಣ್ಣ ಆಕಾರ ಹುಡುಕುವ ಪ್ರಶ್ನೆ ಪ್ರತಿ ಸಲ ತಪ್ಪುತ್ತದೆ. ಆದರೆ ಪಾರ್ಕಿಂಗ್‌ನಲ್ಲಿ ಬೇರೆ ಗಾಡಿಗಳ ಹಿಂದೆ ಮುಕ್ಕಾಲು ಮುಚ್ಚಿಹೋದ ನಿಮ್ಮ ಗಾಡಿ ಮಾತ್ರ ಥಟ್ಟನೆ ಕಾಣಿಸುತ್ತದೆ. ಕಣ್ಣಿನದೇ ಏನಾದರೂ ತೊಂದರೆಯಾ ಅಂತ ಕೇಳಿದ್ದೀರಿ.

ಇಲ್ಲ. ಎರಡೂ ಬೇರೆ ಬೇರೆ ಕೆಲಸ. ಗಾಡಿ ಹುಡುಕಲು ಸಹಾಯ ಮಾಡುವ ಗುಣವೇ ಪರೀಕ್ಷೆಯಲ್ಲಿ ನಿಮ್ಮ ದಾರಿ ತಪ್ಪಿಸುತ್ತಿದೆ.

ನಾನು ಹುಬ್ಬಳ್ಳಿಯವನು, ಪುಣೆಗೆ ಬಂದು ಹನ್ನೊಂದು ವರ್ಷ ಆಯಿತು. ಇಲ್ಲಿನ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಕ್ಯಾಮೆರಾದಿಂದ ಪಾರ್ಟ್ ಗುರುತಿಸುವ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ಟ್ರೇಯಲ್ಲಿ ಲೋಹದ ಬ್ರಾಕೆಟ್‌ಗಳು ಒಂದರ ಮೇಲೊಂದು ಬಿದ್ದಿರುತ್ತವೆ, ಅಂಚು ನೋಡಿ ಯಾವುದು ಎಲ್ಲಿದೆ ಅಂತ ರೋಬೋಟ್‌ಗೆ ಹೇಳಬೇಕು. ಶುರುವಿನಲ್ಲಿ ಒಂದು ಕಡೆ ಭಾರಿ ಮರ್ಯಾದೆ ಹೋಗಿತ್ತು. ಮೇಲಿನ ಬ್ರಾಕೆಟ್‌ನ ಒಂದು ಅಂಚು, ಕೆಳಗಿನದರ ಎರಡು ಅಂಚು ಸೇರಿಸಿ ನನ್ನ ಪ್ರೋಗ್ರಾಂ ಟ್ರೇಯಲ್ಲಿ ಇಲ್ಲದೇ ಇರುವ ಮೂರನೆಯ ಬ್ರಾಕೆಟನ್ನು ಕಂಡುಹಿಡಿದಿತ್ತು! ರೋಬೋಟ್ ಕೈ ಹೋಗಿ ಗಾಳಿ ಹಿಡಿಯಿತು. ಪಕ್ಕದಲ್ಲಿ ನಿಂತಿದ್ದ ಆಪರೇಟರ್ ಕಾಕಾ ಏನೂ ಅನ್ನಲಿಲ್ಲ, ಸುಮ್ನೆ ನಕ್ಕರು. ಅದೇ ಜಾಸ್ತಿ ಚುಚ್ಚಿತು.

ಆವತ್ತು ತಲೆಗೆ ಹೋಗಿದ್ದು ಇದು. ಅಂಚು ಸಿಕ್ಕರೆ ಸಾಲದು, ಅದು ಯಾರ ಅಂಚು ಅಂತ ಗೊತ್ತಾಗಬೇಕು. ಚೌತಿಗೆ ಮುಂಚೆ ಇಲ್ಲಿ ಗಣಪತಿ ಮಾರುವ ಪೆಂಡಾಲ್‌ಗೆ ಹೋದರೆ ಹಲಗೆ ತುಂಬ ಮೂರ್ತಿಗಳು, ಒಂದರ ಹಿಂದೆ ಒಂದು. ಹಿಂದಿನವನದು ಒಂದು ಕಿವಿ, ಅರ್ಧ ಕಿರೀಟ, ಅಷ್ಟೇ ಕಾಣುವುದು. ಆದರೂ ಆ ಕಿವಿಯನ್ನು ಯಾರೂ ಮುಂದಿನ ಗಣಪತಿಗೆ ಅಂಟಿಸುವುದಿಲ್ಲ. ಯಾಕೆಂದರೆ ಕಿವಿಯ ಗೆರೆ ಬಂದು ಮುಂದಿನವನ ಭುಜದ ಗೆರೆಗೆ ತಾಗಿ ನಿಂತುಬಿಡುತ್ತದೆ. ಇಂಗ್ಲಿಷಿನ ಟಿ ಅಕ್ಷರದ ಹಾಗೆ. ನಿಂತ ಗೆರೆ ಹಿಂದಿನದರದು, ನಿಲ್ಲದೆ ಹಾದುಹೋದ ಗೆರೆ ಮುಂದಿನದರದು. ಮಿದುಳು ಇದನ್ನು ನಾವು ಯೋಚಿಸುವ ಮೊದಲೇ ಮಾಡಿ ಮುಗಿಸಿರುತ್ತದೆ. ಈ ಅಂಚು ಎಡಗಡೆಯ ವಸ್ತುವಿನದೋ ಬಲಗಡೆಯದೋ ಅನ್ನುವುದಕ್ಕೆ ತಕ್ಕಂತೆ ಬೇರೆ ಬೇರೆಯಾಗಿ ಮಿಡಿಯುವ ನರಕೋಶಗಳು ಕೋತಿಗಳ ಮಿದುಳಿನಲ್ಲಿವೆ ಅಂತ 2000ರಲ್ಲಿ ನರವಿಜ್ಞಾನಿ ಫಾನ್ ಡರ್ ಹೈಟ್ ಅವರ ತಂಡ ತೋರಿಸಿತ್ತು.

ನಂಬಿಕೆ ಬರದಿದ್ದರೆ ಮನೆಯಲ್ಲೇ ಮಾಡಿ ನೋಡಿ. ನನ್ನ ಮಗಳ ಹತ್ತಿರ ಬಿಳಿ ಹಾಳೆ ಮೇಲೆ ಕಪ್ಪು ಸ್ಕೆಚ್ ಪೆನ್ನಲ್ಲಿ ದಪ್ಪಗೆ ಒಂದು ಪದ ಬರೆಸಿದೆ. ಅದರ ಮೇಲೆ ಅಲ್ಲಲ್ಲಿ ಬಿಳಿ ಕಾಗದದ ಚೂರುಗಳನ್ನೇ ಒತ್ತಿ ಅಂಟಿಸಿದಳು. ದೂರದಿಂದ ನೋಡಿದರೆ ಅಕ್ಷರ ಹೋಗಿ ಎರೆಹುಳುಗಳ ಹಾಗೆ ಕಾಣುತ್ತಿತ್ತು, ನನ್ನ ಹೆಂಡತಿಗೆ ಓದಲು ಆಗಲಿಲ್ಲ. ಆಮೇಲೆ ಅದೇ ಚೂರುಗಳಿಗೆ ನೀಲಿ ಬಣ್ಣ ಬಳಿದಳು. ಒಂದು ಚೂರೂ ತೆಗೆದಿಲ್ಲ. "ಗಣಪತಿ" ಅಂತ ಹೆಂಡತಿ ಓದಿಯೇಬಿಟ್ಟಳು. ಮುಚ್ಚಿದ್ದು ಏನು ಅಂತ ಕಂಡರೆ ಸಾಕು, ಮುಚ್ಚಿಹೋದದ್ದನ್ನು ಮಿದುಳು ತಾನೇ ಮುಂದುವರಿಸುತ್ತದೆ. 1981ರಲ್ಲಿ ಮನೋವಿಜ್ಞಾನಿ ಆಲ್ಬರ್ಟ್ ಬ್ರೆಗ್‌ಮನ್ ಇಂಗ್ಲಿಷಿನ ಬಿ ಅಕ್ಷರಗಳ ತುಣುಕು ಮತ್ತು ಶಾಯಿ ಕಲೆ ಇಟ್ಟುಕೊಂಡು ತೋರಿಸಿದ್ದೂ ಇದನ್ನೇ.

ಈಗ ನಿಮ್ಮ ಪರೀಕ್ಷೆಯ ಚಿತ್ರ ನೋಡಿ. ಅಲ್ಲಿ ಏನೂ ಮುಚ್ಚಿಲ್ಲ! ಸಣ್ಣ ತ್ರಿಕೋನದ ಮೂರೂ ಬದಿ ಕಣ್ಣ ಮುಂದೇ ಇವೆ. ಆದರೆ ಗೆರೆಗಳು ತಾಗಿ ನಿಲ್ಲುವುದಿಲ್ಲ, ಒಂದನ್ನೊಂದು ದಾಟಿ ಹೋಗುತ್ತವೆ. ಹಿಂದೆ ಮುಂದೆ ಅನ್ನುವುದೇ ಇಲ್ಲ. ತ್ರಿಕೋನದ ಒಂದು ಬದಿ ಉದ್ದನೆಯ ಗೆರೆಯ ನಡುವಿನ ತುಂಡಾಗಿರುತ್ತದೆ, ಕಣ್ಣು ಆ ಗೆರೆ ಹಿಡಿದು ಜಾರಿಕೊಂಡು ಕೊನೆಯವರೆಗೂ ಹೋಗುತ್ತದೆ. ಚಿತ್ರ ಬರೆದವರು ಬೇಕಂತಲೇ ಹಾಗೆ ಬರೆದಿರುತ್ತಾರೆ. ಸಣ್ಣ ಆಕಾರವನ್ನು ಬಾಯಿಪಾಠ ಮಾಡಿಕೊಂಡರೂ ಪ್ರಯೋಜನ ಇಲ್ಲ. 1926ರಲ್ಲೇ ಗಾಟ್‌ಶಾಲ್ಟ್ ಅನ್ನುವ ಮನೋವಿಜ್ಞಾನಿ ಜನರಿಗೆ ಒಂದೇ ಆಕಾರವನ್ನು ನೂರಾರು ಸಲ ತೋರಿಸಿ, ಆಮೇಲೆ ದೊಡ್ಡ ಚಿತ್ರ ಕೊಟ್ಟು ನೋಡಿದ್ದರು. ಹೆಚ್ಚೇನೂ ಉಪಯೋಗ ಆಗಲಿಲ್ಲ.

ಹಾಗಾದರೆ ಏನು ಮಾಡುವುದು? ಮೂಲೆ ಹಿಡಿಯಿರಿ, ಗೆರೆ ಬಿಡಿ. ನೇರ ಗೆರೆ ಎಲ್ಲ ಕಡೆ ಒಂದೇ ತರಹ, ಮೂಲೆಗೆ ಮಾತ್ರ ಅದರದೇ ಗುರುತು ಇರುತ್ತದೆ. ಮನೋವಿಜ್ಞಾನಿ ಅರ್ವಿಂಗ್ ಬೀಡರ್‌ಮನ್ 1987ರಲ್ಲಿ ಕಪ್ ತರಹದ ವಸ್ತುಗಳ ರೇಖಾಚಿತ್ರದಲ್ಲಿ ಗೆರೆಗಳ ನಡುಭಾಗ ಅಳಿಸಿದಾಗ ಜನ ಗುರುತಿಸಿದರು, ಗೆರೆಗಳು ಕೂಡುವ ಮೂಲೆಗಳನ್ನು ಅಳಿಸಿದಾಗ ತಬ್ಬಿಬ್ಬಾದರು. ಹಾಗಾಗಿ ಸಣ್ಣ ಆಕಾರದಲ್ಲಿ ತೀರಾ ವಿಚಿತ್ರವಾದ ಒಂದು ಮೂಲೆ ಆರಿಸಿಕೊಳ್ಳಿ, ಉದಾಹರಣೆಗೆ ಒಳಗೆ ಮಡಿಚಿದ ಮೂಲೆ. ಸಾಮಾನ್ಯವಾಗಿ ಆಕಾರ ತಿರುಗಿಸುವಂತಿಲ್ಲ ಅಂತ ಪ್ರಶ್ನೆಯಲ್ಲೇ ಇರುತ್ತದೆ, ಅಂದರೆ ಆ ಮೂಲೆ ಯಾವ ಕಡೆ ಮುಖ ಮಾಡಿದೆಯೋ ಉತ್ತರದಲ್ಲೂ ಅದೇ ಕಡೆ ಇರಬೇಕು. ಇದು ದೊಡ್ಡ ಉಪಕಾರ. ಮೂಲೆ ಸಿಕ್ಕಮೇಲೆ ಬದಿಗಳ ಉದ್ದ ಹೊಂದುತ್ತದಾ ನೋಡಿ. ಮನೆಯಲ್ಲಿ ಅಭ್ಯಾಸ ಮಾಡುವಾಗ ರಫ್ ಹಾಳೆ ಅಡ್ಡ ಹಿಡಿದು ಮುಂದಕ್ಕೆ ಓಡುವ ಗೆರೆಗಳನ್ನು ಮುಚ್ಚಿಕೊಳ್ಳಿ, ಒಳಗಿನ ಆಕಾರ ತಾನಾಗಿ ಎದ್ದು ಬರುತ್ತದೆ.

ಪಾರ್ಕಿಂಗ್ ವಿಷಯಕ್ಕೆ ಬಂದರೆ, ನಿಮ್ಮಷ್ಟು ನಂಬಿಕೆ ನನಗಿಲ್ಲ. ಅಂಚು ನೋಡಿದರೆ ಆಕ್ಟಿವಾ ಅಂತ ಗೊತ್ತಾಗುತ್ತದೆ, ನನ್ನದೇ ಆಕ್ಟಿವಾ ಅಂತ ಅಲ್ಲ. ಈ ಊರಿನಲ್ಲಿ ಬೂದು ಬಣ್ಣದವು ಎಷ್ಟಿವೆಯೋ! ಎರಡು ಸಲ ಬೇರೆಯವರ ಗಾಡಿಗೆ ಕೀಲಿ ಹಾಕಿ ತಿರುವಿದ್ದೇನೆ, ಎರಡನೇ ಸಲ ಗಾಡಿಯ ಒಡತಿ ಸ್ಕಾರ್ಫ್ ಸುತ್ತಿಕೊಳ್ಳುತ್ತಾ ಹಿಂದೆಯೇ ನಿಂತಿದ್ದರು. ಈಗ ಬಲಗಡೆ ಕನ್ನಡಿಗೆ ಕೆಂಪು ಟೇಪ್ ಸುತ್ತಿದ್ದೇನೆ.