ರೀಡಿಂಗ್ ಬರ್ಕೊಳ್ಳುತ್ತಿದ್ದ ಹುಡುಗ

ಪ್ರಾಕ್ಟಿಕಲ್ ಕ್ಲಾಸುಗಳನ್ನು ಆನ್‌ಲೈನಿನಲ್ಲಿ ಗುಂಪಾಗಿ ಕಲಿತ ವೈದ್ಯಕೀಯ ವಿದ್ಯಾರ್ಥಿಗಳು ನನ್ನ ಹತ್ತಿರ ಕೌನ್ಸೆಲಿಂಗಿಗೆ ಬಂದಾಗ ಹೆಚ್ಚುಕಮ್ಮಿ ಒಂದೇ ಮಾತು ಹೇಳುತ್ತಾರೆ: ‘ಥಿಯರಿ ಎಲ್ಲಾ ಗೊತ್ತು, ಪೇಷೆಂಟ್ ಮುಂದೆ ನಿಂತರೆ ಕೈ ಓಡಲ್ಲ.’ ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಈ ಹುಡುಗ ಮೊದಲ ವರ್ಷ ಮುಗಿಸಿದ್ದ. ಮಾರ್ಕ್ಸ್ ಚೆನ್ನಾಗಿತ್ತು. ಆದರೆ ವಾರ್ಡಿಗೆ ಹೋಗುವ ಹಿಂದಿನ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ‘ನನಗೆ ಆಂಗ್ಸೈಟಿ ಇದೆ ಮೇಡಂ’ ಅಂತಲೇ ಮಾತು ಶುರು ಮಾಡಿದ.

ಒಂದು ದಿನ ಪಕ್ಕದ ಕೋಣೆಯಿಂದ ಬಿಪಿ ಉಪಕರಣ ತರಿಸಿ, ‘ನನ್ನ ಬಿಪಿ ನೋಡಪ್ಪ, ಮೊದಲು ಹೇಗೆ ಅಂತ ಹೇಳು’ ಅಂದೆ. ತಡವರಿಸದೆ ಹೇಳಿದ: ತೋಳು ಹೃದಯದ ಮಟ್ಟಕ್ಕಿರಬೇಕು, ಮಣಿಕಟ್ಟಿನ ನಾಡಿ ಹಿಡಿದುಕೊಂಡು ಗಾಳಿ ತುಂಬಬೇಕು, ನಾಡಿ ಸಿಗದಂತಾದ ಮೇಲೆ ಒತ್ತಡವನ್ನು ಇನ್ನೂ 30 ಮಿ.ಮೀ. ಏರಿಸಿ, ಸೆಕೆಂಡಿಗೆ 2-3 ಮಿ.ಮೀ. ಇಳಿಸುತ್ತಾ ಸ್ಟೆತಾಸ್ಕೋಪಿನಲ್ಲಿ ಸದ್ದು ಕೇಳಬೇಕು. ಈ ಸದ್ದುಗಳನ್ನು ರಷ್ಯಾದ ವೈದ್ಯ ಕೊರೋಟ್ಕಾಫ್ 1905ರಲ್ಲಿ ವಿವರಿಸಿದ್ದು ಅನ್ನೋದನ್ನೂ ಸೇರಿಸಿದ.

ಆಮೇಲೆ ಕೈ ಹಾಕಿದ. ತೋಳಿಗೆ ಸುತ್ತುವ ಪಟ್ಟಿಯನ್ನು, ಅಂದರೆ ಕಫ್ ಅನ್ನು, ಬಟ್ಟೆಯ ಮೇಲೇ ಸುತ್ತಿದ. ಗಾಳಿ ಬಿಡುವ ವಾಲ್ವ್ ಬಿಗಿ ಮಾಡಿರಲಿಲ್ಲ, ಗಾಳಿ ತುಂಬುವ ಬಲ್ಬ್ ಎಷ್ಟು ಒತ್ತಿದರೂ ಮುಳ್ಳು ಏರಲಿಲ್ಲ. ಬಿಗಿ ಮಾಡಿ ಏರಿಸಿದ. ಬಿಡುವಾಗ ಪೂರ್ತಿ ತಿರುಗಿಸಿಬಿಟ್ಟ, ಮುಳ್ಳು ಸರ್ರನೆ ಸೊನ್ನೆಗೆ ಇಳಿಯಿತು. ಸ್ವಲ್ಪ ಹೊತ್ತು ಬಿಟ್ಟು ಹೇಳಿದ: ‘ನಮ್ಮ ಗ್ರೂಪಲ್ಲಿ ಒಬ್ಬಳ ಮನೇಲಿ ಮಾತ್ರ ಇದು ಇತ್ತು. ಅವಳು ನೋಡ್ತಿದ್ಲು, ನಾನು ಯಾವಾಗಲೂ ರೀಡಿಂಗ್ ಬರ್ಕೊಳ್ತಿದ್ದೆ. ರೆಕಾರ್ಡ್ ಬುಕ್ ಮಾತ್ರ ಎಲ್ಲರದ್ದೂ ಒಂದೇ ಥರ ಇತ್ತು.’

ಮೊದಲು ಉಸಿರಾಟದ ಅಭ್ಯಾಸ ಮಾಡಿಸಿ ಭಯ ಇಳಿಸಬೇಕಿತ್ತು ಅಂತ ಕೆಲವು ಸಹೋದ್ಯೋಗಿಗಳು ಹೇಳಿದರು. ನಾನು ಒಪ್ಪುವುದಿಲ್ಲ. ವಾರ್ಡ್ ಬಿಟ್ಟು ಬೇರೆಲ್ಲೂ ಅವನಿಗೆ ಈ ಭಯ ಇರಲಿಲ್ಲ, ಅದನ್ನು ವಿಚಾರಿಸಿಯೇ ಮುಂದೆ ಹೋದೆ. ಯಾವತ್ತೂ ಮಾಡದ ಕೆಲಸವನ್ನು ರೋಗಿಯ ಮೇಲೆ ಮಾಡು ಅಂದರೆ ಹೆದರಬೇಕಾದದ್ದೇ ಅಲ್ವಾ? ಆ ಹೆದರಿಕೆಯನ್ನು ಸುಮ್ನೆ ತಣಿಸಿ ಕಳಿಸಿದರೆ, ಅವನು ಅದೇ ತಪ್ಪನ್ನು ಧೈರ್ಯವಾಗಿ ಮಾಡುತ್ತಾನೆ. ವೈದ್ಯಕೀಯ ಶಿಕ್ಷಣ ತಜ್ಞ ಜಾರ್ಜ್ ಮಿಲ್ಲರ್ 1990ರಲ್ಲಿ ವೈದ್ಯರ ಕಲಿಕೆಯನ್ನು ನಾಲ್ಕು ಮೆಟ್ಟಿಲು ಮಾಡಿ ತೋರಿಸಿದರು: ಗೊತ್ತಿರುವುದು, ಹೇಗೆ ಮಾಡಬೇಕೆಂದು ಗೊತ್ತಿರುವುದು, ಮಾಡಿ ತೋರಿಸುವುದು, ಕೆಲಸದಲ್ಲಿ ಮಾಡುವುದು. ಇವನನ್ನು ಎರಡನೆಯದರಲ್ಲಿ ನಿಲ್ಲಿಸಿ ಪಾಸ್ ಮಾಡಿದ್ದರು.

ನಾನು ಕೊಟ್ಟ ಸಲಹೆ: ಟೀಚರ್ ಹತ್ತಿರ ಹೋಗಿ ‘ನಾನು ಇದನ್ನು ಕೈಯಾರೆ ಮಾಡಿಲ್ಲ’ ಅಂತ ನೇರವಾಗಿ ಹೇಳು, ಲ್ಯಾಬಿನಲ್ಲಿ ಸಮಯ ಕೇಳು. ಗ್ರೂಪಿನಲ್ಲಿ ಕೆಲಸ ಸರದಿಯಂತೆ ಬದಲಾಗಲಿ. ಒಬ್ಬರು ಹಂತ ಹೇಳಲಿ, ಉಪಕರಣ ಇರುವವರು ಹೇಳಿದಷ್ಟನ್ನೇ ಮಾಡಲಿ. ‘ವಾಲ್ವ್ ಬಿಗಿ ಮಾಡು’ ಅನ್ನದಿದ್ದರೆ ಬಿಗಿ ಮಾಡಲೇಬಾರದು, ಆಗ ಹೇಳುವವರಿಗೆ ತಾವು ಎಲ್ಲಿ ಬಿಟ್ಟೆವು ಅಂತ ಗೊತ್ತಾಗುತ್ತದೆ. ಕೈಕೆಲಸ ಕಲಿಸಲು ಪೇಟನ್ ಎಂಬ ವೈದ್ಯರು ಹೇಳಿದ ನಾಲ್ಕು ಹಂತದ ವಿಧಾನದಲ್ಲಿ ಮೂರನೆಯದು ಇದೇ, ಆನ್‌ಲೈನಿಗೆ ಚೆನ್ನಾಗಿ ಹೊಂದುತ್ತದೆ. ಆಮೇಲೆ ಉಪಕರಣ ಕೈಯಿಂದ ಕೈಗೆ ಹೋಗಲಿ, ಕ್ಯಾಮೆರಾ ಕೈಗಳ ಮೇಲಿರಲಿ. ಹೊಟ್ಟೆ ಒತ್ತಿ ಲಿವರ್ ಹುಡುಕುವಂಥದ್ದು ಮಾತ್ರ ಆನ್‌ಲೈನಿನಲ್ಲಿ ಬರುವುದಿಲ್ಲ, ಅದನ್ನು ಕಲಿತೆ ಅಂತ ರೆಕಾರ್ಡಿನಲ್ಲಿ ಬರೆಯಲೇಬೇಡಿ.

ಟೀಚರುಗಳಿಗೂ ಒಂದು ಮಾತು. ಗುಂಪಿಗೆಲ್ಲ ಒಂದೇ ರಿಪೋರ್ಟ್ ನೋಡಿ ಮಾರ್ಕ್ಸ್ ಕೊಡಬೇಡಿ. ಒಬ್ಬೊಬ್ಬರೂ ಮಾಡುವುದನ್ನು ಕಣ್ಣಾರೆ ನೋಡಿ.

ಅವನು ಟೀಚರನ್ನು ಕೇಳಿದ, ಸಂಜೆ ಲ್ಯಾಬ್ ಸಿಕ್ಕಿತು. ಅವನ ಜೊತೆ ಗ್ರೂಪಿನ ಉಳಿದವರೂ ಹೋದರು, ಯಾವಾಗಲೂ ಬಿಪಿ ನೋಡುತ್ತಿದ್ದ ಆ ಹುಡುಗಿಯೂ. ಅವಳು ಅಷ್ಟು ದಿನವೂ ಸ್ಟೆತಾಸ್ಕೋಪನ್ನು ಕಫ್ ಅಡಿಗೆ ತುರುಕುತ್ತಿದ್ದಳಂತೆ. ಕ್ಯಾಮೆರಾ ಮುಖಕ್ಕಿದ್ದದ್ದರಿಂದ ಯಾರೂ ತಿದ್ದಿರಲಿಲ್ಲ.