ಸಂಪಾದಕರ ಉತ್ತರ: ಜಾಡಿಯ ಮೀನು ಬಿಳಚಿಕೊಂಡಿದ್ದೇಕೆ?

(ಬೆಂಗಳೂರಿನ ವಿಜಯನಗರದ ಓದುಗರೊಬ್ಬರ ಪತ್ರದ ಸಾರ: ದಸರಾ ರಜೆಗೆ ಹೆಂಡತಿ, ಇಬ್ಬರು ಮಕ್ಕಳು, ಅತ್ತೆಯವರ ಜೊತೆ ಕಾರಿನಲ್ಲಿ ಕರಾವಳಿಗೆ ಹೋಗಿದ್ದೆವು. ಅಲ್ಲಿನ ಕಡಲ ವಿಜ್ಞಾನ ಕೇಂದ್ರವೊಂದನ್ನು ನೋಡಲೇಬೇಕೆಂದು ಮಗಳ ಹಟ. ಒಳಗೆ ಸಾಲು ಸಾಲು ಗಾಜಿನ ಜಾಡಿ, ಬಿಳಚಿಕೊಂಡ ಮೀನು, ಮಾಸಿದ ಚೀಟಿ. ಅರ್ಧ ಗಂಟೆಗೇ ಹೊರಬಂದೆವು. ‘ಮಾಲ್‌ನ ಅಕ್ವೇರಿಯಂ ಇದಕ್ಕಿಂತ ವಾಸಿ’ ಎಂದ ಮಗ. ಬಂದರಿನಲ್ಲಿ ವಾಸನೆಗೆ ಅತ್ತೆ ಕಾರಿನಿಂದ ಇಳಿಯಲೇ ಇಲ್ಲ. ಇದಕ್ಕಾಗಿ ಅಷ್ಟು ದೂರ ಹೋಗಬೇಕೆ? ಹೋಗುವುದಾದರೆ ಎಲ್ಲಿಗೆ, ಯಾವಾಗ?)

ಮಾನ್ಯರೇ,

ನಿಮ್ಮ ಮಗನ ಮಾತಿನಲ್ಲಿ ತಪ್ಪೇನೂ ಇಲ್ಲ. ಮಾಲ್‌ನ ಅಕ್ವೇರಿಯಂ ಕಟ್ಟಿರುವುದೇ ನೋಡುವವರಿಗಾಗಿ. ಆ ಜಾಡಿಗಳನ್ನು ಜೋಡಿಸಿಟ್ಟಿರುವುದು ಎಣಿಸುವವರಿಗಾಗಿ. ಈ ವ್ಯತ್ಯಾಸವನ್ನು ಬಾಗಿಲಲ್ಲೇ ಯಾರಾದರೂ ಹೇಳಿದ್ದರೆ ನಿಮ್ಮ ಅರ್ಧ ಗಂಟೆ ಒಂದೂವರೆ ಗಂಟೆಯಾಗುತ್ತಿತ್ತು.

ಮೀನು ಬಿಳಚಿಕೊಳ್ಳುವುದಕ್ಕೆ ಕಾರಣವಿದೆ. ಅದರ ಮೈಯ ಕೆಂಪು, ಹಳದಿ ಬಣ್ಣಗಳು ಕೊಬ್ಬಿನಲ್ಲಿ ಕರಗುವಂಥವು. ಫಾರ್ಮಲಿನ್ನಿನಲ್ಲಿ ಗಟ್ಟಿಮಾಡಿ ಸ್ಪಿರಿಟ್ಟಿಗೆ ಹಾಕಿದ ಮೇಲೆ ಅವು ಒಂದೊಂದಾಗಿ ಬಿಟ್ಟುಹೋಗುತ್ತವೆ, ಕಪ್ಪು ಕಲೆಗಳಷ್ಟೇ ಬಹುಕಾಲ ಉಳಿಯುತ್ತವೆ. ಹಾಗಾಗಿ ಮೀನಿನ ಜಾತಿ ಗುರುತಿಸುವವರು ಬಣ್ಣವನ್ನು ಹೆಚ್ಚು ನೆಚ್ಚುವುದಿಲ್ಲ. ರೆಕ್ಕೆಯಲ್ಲಿ ಎಷ್ಟು ಕಡ್ಡಿ, ಪಕ್ಕೆಯಲ್ಲಿ ಎಷ್ಟು ಸಾಲು ಹುರುಪೆ, ಹಲ್ಲು ಹೇಗಿದೆ ಎಂದು ನೋಡುತ್ತಾರೆ. ಇದನ್ನು ಕಲಿಯಲು ಕರಾವಳಿಯವರೆಗೂ ಹೋಗಬೇಕಿಲ್ಲ. ಶಿವಾಜಿನಗರದ ರಸೆಲ್ ಮಾರ್ಕೆಟ್‌ನಲ್ಲಿ ಒಂದು ಬಂಗುಡೆ ಮೀನನ್ನು ಹತ್ತಿರದಿಂದ ನೋಡಿಸಿ. ಬಾಲದ ಕಡೆಗೆ, ಬೆನ್ನಿನ ಮೇಲೆ ಐದು, ಹೊಟ್ಟೆಯ ಅಡಿ ಐದು, ಅಕ್ಕಿಕಾಳಿಗಿಂತ ತುಸು ದೊಡ್ಡ ಪುಟಾಣಿ ರೆಕ್ಕೆಗಳಿರುತ್ತವೆ. ಅವನ್ನು ಒಮ್ಮೆ ಬೆರಳಿಟ್ಟು ಎಣಿಸಿದ ಹುಡುಗ ಜಾಡಿಯ ಮುಂದೆ ನಿಂತಾಗ ತಾನಾಗಿಯೇ ಎಣಿಸತೊಡಗುತ್ತಾನೆ. ಮಾರುವವರು ಬೈಯುತ್ತಾರೆಂಬ ಹೆದರಿಕೆಯಿದ್ದರೆ ಅರ್ಧ ಕೆಜಿ ಕೊಂಡುಬಿಡಿ. ಮನೆಯಲ್ಲಿ ತಿನ್ನದಿದ್ದರೆ ಪಕ್ಕದ ಮನೆಯವರಿಗಾಯಿತು!

ಎಣಿಸಿ ಏನು ಪ್ರಯೋಜನ ಎಂದು ಮಗ ಕೇಳಿದರೆ ಬೂತಾಯಿಯ ಕಥೆ ಹೇಳಿ. ಬೂತಾಯಿ ಎಂದರೆ ಮಂಗಳೂರು ಹೋಟೆಲುಗಳಲ್ಲಿ ಪುಳಿಮುಂಚಿ ಮಾಡುವ ಮೀನು, ಕಾರವಾರದ ಕಡೆ ತಾರ್ಲೆ. 1947ರಲ್ಲಿ ಶುರುವಾದ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ದೇಶದ ಮೀನಿನ ಲೆಕ್ಕ ಇಡುತ್ತ ಬಂದಿದೆ. ಮುಖ್ಯ ಕಚೇರಿ ಕೊಚ್ಚಿ, ನಮ್ಮಲ್ಲಿ ಮಂಗಳೂರು ಮತ್ತು ಕಾರವಾರದಲ್ಲಿ ಕೇಂದ್ರಗಳಿವೆ. ಇದರ ಸಿಬ್ಬಂದಿ ಬೆಳಗಿನ ಜಾವ ಬಂದರಿಗೆ ಹೋಗಿ, ಬುಟ್ಟಿಯಿಂದ ಒಂದಿಷ್ಟು ಮೀನು ಆರಿಸಿ, ಉದ್ದ ಅಳೆದು, ತೂಗಿ ಬರೆದುಕೊಳ್ಳುತ್ತಾರೆ. ಆ ಲೆಕ್ಕದ ಪ್ರಕಾರ ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,500 ಟನ್ನಿಗೂ ಕಡಿಮೆ. ನೀರಿನ ಬಿಸಿ, ಮಳೆ, ಮರಿಮೀನನ್ನೂ ಬಿಡದ ಬಲೆ ಎಲ್ಲದರ ಮೇಲೂ ಚರ್ಚೆ ನಡೆದಿದೆ. ಆದರೆ ಅಳತೆಪಟ್ಟಿ ಹಿಡಿದು ಕೂತವರು ಇರದಿದ್ದರೆ ‘ಈಚೆಗೆ ಮೀನು ಕಮ್ಮಿ’ ಎಂಬ ಗೊಣಗಾಟವಷ್ಟೇ ಉಳಿಯುತ್ತಿತ್ತು.

ಮೀನಿನ ವಯಸ್ಸನ್ನೂ ಹೀಗೆಯೇ ಓದುತ್ತಾರೆ. ಕಲ್ಲೂರು ಮೀನಿನ ತಲೆ ಬಿಡಿಸಿದರೆ ಒಳಗೆ ಒಂದು ಜೊತೆ ಬಿಳಿ ಕಲ್ಲು ಸಿಗುತ್ತದೆ. ಅದು ಮೀನಿನ ಕಿವಿಯ ಭಾಗ, ಸಮತೋಲಕ್ಕೆ ಬೇಕಾದದ್ದು. ಅದನ್ನು ತೆಳ್ಳಗೆ ಉಜ್ಜಿ ಸೂಕ್ಷ್ಮದರ್ಶಕದಡಿ ಇಟ್ಟರೆ ಮರದ ಉಂಗುರಗಳಂತೆ ಗೆರೆಗಳು ಕಾಣುತ್ತವೆ, ಮರಿಮೀನಿನಲ್ಲಾದರೆ ದಿನಕ್ಕೊಂದರಂತೆ. ಕೇಂದ್ರದಲ್ಲಿ ಯಾರಾದರೂ ಬಿಡುವಾಗಿದ್ದರೆ ‘ಕಿವಿಕಲ್ಲು ತೋರಿಸ್ತೀರಾ ಸಾರ್’ ಎಂದು ಮಗಳಿಂದ ಕೇಳಿಸಿ. ದೊಡ್ಡವರು ಕೇಳಿದರೆ ಬ್ರೋಷರ್ ಕೊಡುತ್ತಾರೆ. ಮಕ್ಕಳು ಕೇಳಿದರೆ ಕುರ್ಚಿ ಬಿಟ್ಟು ಏಳುತ್ತಾರೆ.

ನನಗನ್ನಿಸುವಂತೆ ನಿಮ್ಮ ಪ್ರವಾಸ ಕೆಟ್ಟದ್ದು ಊರಿನಿಂದಲ್ಲ, ಸರದಿಯಿಂದ. ನೀವು ಮೊದಲು ಜಾಡಿ ನೋಡಿದಿರಿ, ಆಮೇಲೆ ಕಡಲು. ಅದು ತಿರುಗುಮುರುಗಾಗಬೇಕು.

ಹೊರಡುವ ದಿನವನ್ನು ರಜೆ ನೋಡಿ ಗೊತ್ತುಮಾಡಬೇಡಿ, ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ, ಹುಣ್ಣಿಮೆ ನೋಡಿ ಗೊತ್ತುಮಾಡಿ. ಆ ದಿನಗಳ ಆಸುಪಾಸಿನಲ್ಲಿ ಸೂರ್ಯ, ಚಂದ್ರ ಇಬ್ಬರ ಸೆಳೆತವೂ ಸೇರಿ ಭರತ ಜಾಸ್ತಿ, ಇಳಿತವೂ ಜಾಸ್ತಿ. ಬೇರೆ ದಿನ ನೀರಡಿ ಇರುವ ಬಂಡೆಗಳೂ ಆಗ ಹೊರಬೀಳುತ್ತವೆ. ದಿನಕ್ಕೆ ಎರಡು ಇಳಿತ, ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಸರಿಯಾದ ವೇಳೆ, ಅಲೆಗಳ ಎಚ್ಚರಿಕೆ ಎರಡನ್ನೂ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಅಂತರ್ಜಾಲದಲ್ಲಿ ಪ್ರಕಟಿಸುತ್ತದೆ. ಪೂರ್ತಿ ಇಳಿಯುವುದಕ್ಕೆ ಒಂದು ಗಂಟೆ ಮೊದಲೇ ಅಲ್ಲಿರಿ. ಕಾಪುವಿನ ದೀಪಸ್ತಂಭದ ಬಳಿ, ಗೋಕರ್ಣದ ಓಂ ಬೀಚಿನಲ್ಲಿ ಬಂಡೆಗಳಿವೆ. ಪಾಚಿ ಜಾರುತ್ತದೆ, ಹಿಡಿತವಿರುವ ಚಪ್ಪಲಿ ಹಾಕಿಸಿ. ಕಡಲಿಗೆ ಬೆನ್ನು ಹಾಕಿ ನಿಲ್ಲಬಾರದೆಂದು ಮಕ್ಕಳಿಗೆ ಮೊದಲೇ ಹೇಳಿಡಿ.

ಅಲ್ಲಿ ಏನು ನೋಡಬೇಕು? ಬಂಡೆಗೆ ಸುಣ್ಣದ ಚಿಕ್ಕ ಗೋಪುರಗಳಂತೆ ಕಚ್ಚಿಕೊಂಡಿರುವುದು ಬಾರ್ನಕಲ್. ಅಂಗಾಲು ಕೊಯ್ಯುತ್ತದೆಂದು ಎಲ್ಲರೂ ಬೈದುಕೊಂಡು ದಾಟುತ್ತಾರೆ. ನೋಡಿದರೆ ಕಪ್ಪೆಚಿಪ್ಪಿನ ನೆಂಟನೆನಿಸುತ್ತದೆ, ಆದರೆ ಸಿಗಡಿ, ಏಡಿಗಳ ಬಳಗದ್ದು. ನೀರು ನಿಂತ ಗುಂಡಿಯಲ್ಲಿ ಒಂದನ್ನು ಹುಡುಕಿ ನೆರಳು ಬೀಳದಂತೆ ಕೂತುಕೊಳ್ಳಿ. ಸ್ವಲ್ಪ ಹೊತ್ತಿಗೆ ಗೋಪುರದ ಬಾಯಿ ತೆರೆದು ನವಿರಾದ ಕಾಲುಗಳ ಒಂದು ಗೊಂಚಲು ಹೊರಬಂದು, ನೀರನ್ನು ಬಾಚಿ, ಒಳಗೆ ಹೋಗುತ್ತದೆ. ಮತ್ತೆ ಬರುತ್ತದೆ. ತಲೆಯನ್ನು ಬಂಡೆಗೆ ಅಂಟಿಸಿಕೊಂಡು ಕಾಲಿನಲ್ಲಿ ಊಟ ಮಾಡುವ ಪ್ರಾಣಿ ಎಂದರೆ ನಿಮ್ಮ ಮಗ ಮಾಲ್ ಮರೆಯುತ್ತಾನೆ, ಕನಿಷ್ಠ ಅವತ್ತಿಗೆ. ಶಂಖುವಿನಾಕಾರದ ಚಂದದ ಚಿಪ್ಪುಗಳನ್ನು ಮಾತ್ರ ಕೈಗೆತ್ತಿಕೊಳ್ಳಕೂಡದು, ಕೆಲವು ಜಾತಿಯವು ವಿಷದ ಮುಳ್ಳು ಚುಚ್ಚುತ್ತವೆ. ಅಂಗಡಿಯಲ್ಲಿ ಹವಳವೋ ಒಣಗಿಸಿದ ಕಡಲ್ಕುದುರೆಯೋ ಕಂಡರೂ ಕೊಳ್ಳಬೇಡಿ. ಎರಡಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ.

ಎಲ್ಲಿಗೆ ಎಂಬ ಪ್ರಶ್ನೆಗೆ ನನ್ನ ಓಟು ಕಾರವಾರಕ್ಕೆ. ಮಂಗಳೂರು ಹತ್ತಿರ, ನಿಜ. ದೇಶದ ಮೊದಲ ಮೀನುಗಾರಿಕೆ ಕಾಲೇಜು 1969ರಲ್ಲಿ ಶುರುವಾದದ್ದು ಅಲ್ಲಿಯೇ, ಅದೂ ನಮ್ಮ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಅಡಿಯಲ್ಲಿ. ಪಿಲಿಕುಳದ ವಿಜ್ಞಾನ ಕೇಂದ್ರವೂ ಇದೆ. ಆದರೆ ಕಾರವಾರದಲ್ಲಿ ಎಲ್ಲವೂ ಒಂದರ ಪಕ್ಕ ಒಂದು: ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗ, ಮೀನುಗಾರಿಕೆ ಬಂದರು, ಕಾಳಿ ನದಿ ಕಡಲು ಸೇರುವ ಅಳಿವೆ. ಟ್ಯಾಗೋರ್ ಕಡಲತೀರದಲ್ಲಿ ನಿಲ್ಲಿಸಿರುವ ಚಾಪೆಲ್ ಯುದ್ಧನೌಕೆಯನ್ನು ಹುಡುಗರು ಹೇಗೂ ಬಿಡುವುದಿಲ್ಲ. ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ ಸಂಜೆ ಹತ್ತಿದರೆ ಬೆಳಿಗ್ಗೆ ಅಲ್ಲಿರುತ್ತೀರಿ. ಘಟ್ಟದ ತಿರುವಿನಲ್ಲಿ ಮಕ್ಕಳು ವಾಂತಿ ಮಾಡಿಕೊಳ್ಳುವ ರಗಳೆಯೂ ಇಲ್ಲ.

ಅತ್ತೆಯವರನ್ನು ಬಂದರಿಗೆ ಎಳೆಯಬೇಡಿ, ಅದು ಅವರಿಗೂ ಹಿಂಸೆ, ನಿಮಗೂ. ಅವರಿಗೆ ಕಾಂಡ್ಲಾ ಕಾಡು, ಅಂದರೆ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್, ತೋರಿಸಿ. ಹೊನ್ನಾವರದಲ್ಲಿ ಶರಾವತಿಯ ಅಳಿವೆಯಲ್ಲಿ ಅರಣ್ಯ ಇಲಾಖೆ ಮರದ ಕಾಲುದಾರಿ ಹಾಕಿದೆ. ನೆರಳು, ನಿಧಾನಕ್ಕೆ ನಡೆಯಬಹುದು. ಕೆಲವು ಕಾಂಡ್ಲಾ ಗಿಡಗಳ ಬೀಜ ತಾಯಿಮರದಲ್ಲಿ ಇರುವಾಗಲೇ ಮೊಳೆತು, ನುಗ್ಗೆಕಾಯಿಯ ಹಾಗೆ ಜೋತಾಡುತ್ತದೆ. ಕಳಚಿ ಬಿದ್ದರೆ ಕೆಸರಿನಲ್ಲಿ ನೆಟ್ಟುಕೊಂಡೀತು, ಇಲ್ಲವೇ ತೇಲಿಹೋಗಿ ಬೇರೆ ದಡ ಹಿಡಿದೀತು.

ಕಾಲದ ಮಾತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬಂದರಿನಲ್ಲಿ ದೋಣಿಗಳು ಕಟ್ಟಿಬಿದ್ದಿರುತ್ತವೆ, ಕಡಲೂ ಒರಟು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯದು. ಉತ್ತರ ಕನ್ನಡದ ಮರಳಿನಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡುವುದೂ ಆಗಲೇ. ಜಾಡಿಗಳಿರುವ ಕಡಲ ವಿಜ್ಞಾನ ಕೇಂದ್ರಗಳು ಸಂಶೋಧನೆಗೆ ಇರುವಂಥವು, ಪ್ರವಾಸಿ ತಾಣಗಳಲ್ಲ. ಹಾಗಾಗಿ ಭಾನುವಾರ, ಸರ್ಕಾರಿ ರಜೆ ಬಿಟ್ಟು ಹೋಗಿ. ವಾರ ಮೊದಲು ಫೋನ್ ಮಾಡಿ, ಮಕ್ಕಳ ವಯಸ್ಸು ತಿಳಿಸಿ, ಅನುಮತಿ ಕೇಳಿ. ಮಗಳ ಶಾಲೆಯಿಂದ ಒಂದು ಪತ್ರ ಸಿಕ್ಕರೆ ಇನ್ನೂ ಅನುಕೂಲ.

— ಸಂ.